ಕೆಂಪು ಕೋಸಿಗೆ ಎರವಲು ನಾಲಿಗೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಒಂದು ತುತ್ತೂ ತಿನ್ನದ ಪದಾರ್ಥದ ರುಚಿಯನ್ನು ‘ನನಗೆ ಚೆನ್ನಾಗಿ ನೆನಪಿದೆ’ ಎಂದು ಎದೆ ತಟ್ಟಿಕೊಂಡು ಹೇಳಿದ ಪೆದ್ದ ನಾನು. ಹೇಳಿ ಸುಮ್ಮನಾಗಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಉಣ್ಣದ ಊಟ, ಓದದ ಪುಸ್ತಕ, ನೋಡದ ಊರು ಇವುಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರನ್ನು ವೇದಿಕೆಗೆ ಕರೆದು ಶಾಲು ಹೊದಿಸುವುದೂ ಉಂಟು. ನನ್ನ ಗ್ರಹಚಾರಕ್ಕೆ ನನ್ನ ಮಾತನ್ನು ನಂಬಿ ಒಬ್ಬ ಜರ್ಮನ್ ಅಜ್ಜಿ ಭಾನುವಾರ ಬಂತೆಂದರೆ ಕೋಸು ಬೇಯಿಸತೊಡಗಿದರು.

ಅಜ್ಜಿಯ ಹೆಸರು ಗಿಸೆಲಾ. ಯೌವನದಲ್ಲಿ ಒಬ್ಬ ಐರಿಷ್ ಮೇಷ್ಟರನ್ನು ಮದುವೆಯಾಗಿ ಜರ್ಮನಿ ಬಿಟ್ಟು ಐರ್ಲೆಂಡಿಗೆ ಬಂದವರು. ಮೇನೂತ್‌ನಲ್ಲಿ ಕಾಲುವೆಯ ಪಕ್ಕ ಅವರ ಮನೆ. ಮೇಷ್ಟರು ತೀರಿಕೊಂಡ ಮೇಲೆ ಮಹಡಿಯ ಎರಡು ಕೋಣೆಗಳನ್ನು ಬಾಡಿಗೆಗೆ ಕೊಟ್ಟಿದ್ದರು. ಒಂದರಲ್ಲಿ ಮೈಸೂರಿನ ಶ್ರೀನಿಧಿ. ಸಾಫ್ಟ್‌ವೇರ್ ಇಂಜಿನಿಯರ್, ಶುದ್ಧ ಸಸ್ಯಾಹಾರಿ, ಬಾಗಿಲು ತೆರೆಯುವ ಮುಂಚೆ ಬಾಗಿಲಿಗೇ ‘ಸಾರಿ’ ಹೇಳುವಷ್ಟು ಸಂಭಾವಿತ. ಇನ್ನೊಂದರಲ್ಲಿ ಮದ್ದೂರಿನ ಮಂಜುನಾಥನಾದ ನಾನು. ಅಲ್ಲೇ ಎಂ.ಎಸ್ಸಿ. ಮುಗಿಸಿ, ಮನೆಯಿಂದಲೇ ಫೋನಿನಲ್ಲಿ ಗಿರಾಕಿಗಳ ದೂರು ಕೇಳುವ ಕೆಲಸ ಹಿಡಿದಿದ್ದೆ. ಅದು ಹೊಟ್ಟೆಪಾಡು. ನಿಜವಾದ ಕಸುಬು, ಎದುರಿಗೆ ಸಿಕ್ಕವರನ್ನು ಅಣಕಿಸುವುದು.

ಮೊದಲ ದಿನ ಶ್ರೀನಿಧಿ ಅವರನ್ನು ‘ಮ್ಯಾಡಮ್’ ಎಂದ. “ಇದು ಶಾಲೆಯಲ್ಲ” ಅಂದರು. ನಮ್ಮ ಕಡೆ ನಿಮ್ಮ ವಯಸ್ಸಿನವರನ್ನು ಅಜ್ಜಿ ಅಂತೀವಿ ಎಂದು ನಾನು ನಡುವೆ ಬಾಯಿ ಹಾಕಿದೆ. ಅರ್ಥ ಕೇಳಿ ತಿಳಿದುಕೊಂಡರು. ನಮ್ಮಿಬ್ಬರ ಬೂಟುಗಳನ್ನು ನೋಡಿದರು. “ಮೊಮ್ಮಕ್ಕಳು ಅಂದ ಮೇಲೆ ಕಾಲು ಒರೆಸಿಕೊಂಡು ಒಳಗೆ ಬನ್ನಿ” ಅಂದರು. ಅಲ್ಲಿಗೆ ನಾಮಕರಣ ಮುಗಿಯಿತು. ಅಜ್ಜಿ ನಮ್ಮೊಂದಿಗೆ ಆಡುತ್ತಿದ್ದದ್ದು ಇಂಗ್ಲಿಷ್. ಅದರ ಎಲುಬು ಜರ್ಮನ್ನಿನದು, ಮಾಂಸ ಐರಿಷ್. ನಾನು ಕನ್ನಡದಲ್ಲಿ ಬರೆಯುವಾಗ ಅವರು ನನ್ನ ಸೋದರತ್ತೆಯ ಹಾಗೆ ಕೇಳಿಸಿದರೆ ತಪ್ಪು ನನ್ನದು. ನನಗೆ ಬೈಯುವವರೆಲ್ಲ ಕೊನೆಗೆ ಸೋದರತ್ತೆಯ ದನಿಯಲ್ಲೇ ಕೇಳಿಸುತ್ತಾರೆ.

ಲಾಕ್‌ಡೌನ್ ಅನ್ನುವುದು ಅಣಕಿಸುವವನಿಗೆ ಬರಗಾಲ. ಐದು ಕಿಲೋಮೀಟರ್ ದಾಟುವಂತಿಲ್ಲ, ದಾಟದೆ ಸಿಕ್ಕವರ ಮುಖದ ಮುಕ್ಕಾಲು ಭಾಗ ಮಾಸ್ಕಿನೊಳಗೆ. ಹೀಗಾಗಿ ಮನೆಯವರೇ ಗತಿ. ಆಫೀಸಿನ ಮೀಟಿಂಗಿನಲ್ಲಿ ಮ್ಯೂಟ್ ತೆಗೆಯದೆ ಭಾಷಣ ಮುಗಿಸಿ, ಆಮೇಲೆ ಅದೇ ಭಾಷಣವನ್ನು ಇನ್ನೂ ವಿನಯದಿಂದ ಮತ್ತೆ ಮಾಡುವ ಶ್ರೀನಿಧಿಯನ್ನು ಮಾಡಿದೆ. ಬಾಗಿಲ ಮುಂದೆ ಪಾರ್ಸೆಲ್ ಇಟ್ಟು ಕಳ್ಳನಂತೆ ಓಡುವ ಪೋಸ್ಟ್‌ಮ್ಯಾನನ್ನು ಮಾಡಿದೆ. ಕೊನೆಗೆ ಅಜ್ಜಿಯ ಮುಂದೆ ಅಜ್ಜಿಯನ್ನೇ ಮಾಡಿದೆ. ಕಸದ ಡಬ್ಬಿಯ ಮುಚ್ಚಳ ಎತ್ತಿ ನೋಡಿ, ಪ್ಲಾಸ್ಟಿಕ್ಕೂ ಕಾಗದವೂ ಒಟ್ಟಿಗೆ ಮಲಗಿರುವುದನ್ನು ಕಂಡು ಅವರು ಬಿಡುವ ನಿಟ್ಟುಸಿರು. ಅಜ್ಜಿ ಪೂರ್ತಿ ನೋಡಿ, “ಎಡಗೈ ಸೊಂಟದ ಮೇಲಿರುತ್ತೆ, ಅದನ್ನ ಬಿಟ್ಟೆ” ಎಂದು ತಿದ್ದಿದರು.

ಆ ಕ್ರಿಸ್ಮಸ್ಸಿಗೆ ಜರ್ಮನಿಯಿಂದ ಅವರ ಅಕ್ಕ ಬರಬೇಕಿತ್ತು. ಪ್ರತಿವರ್ಷ ಬರುತ್ತಿದ್ದವರು, ಆ ವರ್ಷ ಯಾರೂ ಎಲ್ಲಿಗೂ ಹೋಗುವಂತಿರಲಿಲ್ಲ. ಅಕ್ಕನಿಗೆ ಎಂದು ಹೇಳಿಟ್ಟಿದ್ದ ಬಾತುಕೋಳಿ ಮಾತ್ರ ಹೇಳಿದ ಹೊತ್ತಿಗೆ ಸರಿಯಾಗಿ ಬಂದುಬಿಟ್ಟಿತು. “ನೀವಿಬ್ಬರೂ ಕೂತ್ಕೊಳ್ಳಿ. ನಮ್ಮ ಊಟ ಅಂದ್ರೆ ಏನೂಂತ ಒಂದು ಸಲ ಗೊತ್ತಾಗಲಿ” ಎಂದರು ಅಜ್ಜಿ.

ಜರ್ಮನ್ ಊಟ ಎಂದರೆ ಅಲ್ಲಿಯವರೆಗೆ ನನಗೆ ಒಣ ಬ್ರೆಡ್ಡು, ಅದರ ಮೇಲೊಂದು ಚೀಸಿನ ಹಾಳೆ, ಪಕ್ಕದಲ್ಲಿ ಉಪ್ಪಿನಲ್ಲಿಟ್ಟ ಸೌತೆಕಾಯಿ. ಅಜ್ಜಿ ಸಂಜೆ ತಿನ್ನುತ್ತಿದ್ದದ್ದು ಅದನ್ನೇ, ಒಲೆ ಹಚ್ಚದೆ. ನಾವು ಅದನ್ನು ‘ಏಕಾದಶಿ’ ಎಂದು ಕರೆಯುತ್ತಿದ್ದೆವು. ಆದರೆ ಹಬ್ಬದೂಟದ ಕಥೆಯೇ ಬೇರೆ. ಹಿಂದಿನ ದಿನವೇ ಶುರು. ಬಾತುಕೋಳಿ ಒಲೆಯೊಳಗೆ ಕೂತು ತನ್ನ ಕೊಬ್ಬಿನಲ್ಲಿ ತಾನೇ ಸ್ನಾನ ಮಾಡುತ್ತದೆ. ಅದಕ್ಕೆ ಜೊತೆ ಕೆಂಪು ಕೋಸು. ಕಣ್ಣಿಗೆ ಅದು ನೇರಳೆ. ಜರ್ಮನ್ನರು ಕೆಂಪು ಅನ್ನುತ್ತಾರೆ, ಅವರಲ್ಲೇ ಕೆಲವು ಕಡೆ ನೀಲಿ ಅನ್ನುತ್ತಾರಂತೆ. ಅವರ ಜಗಳದಲ್ಲಿ ತಪ್ಪೇನೂ ಇಲ್ಲ; ಹುಳಿ ಬಿದ್ದಷ್ಟೂ ಆ ಕೋಸು ಕೆಂಪಗಾಗುತ್ತದೆ, ಬೀಳದಿದ್ದರೆ ನೀಲಿಗೆ ತಿರುಗುತ್ತದೆ. ಸಣ್ಣಗೆ ಹೆಚ್ಚಿ, ಸೇಬು, ವಿನೆಗರ್, ಸಕ್ಕರೆ, ಲವಂಗ, ಪಲಾವಿನೆಲೆ ಹಾಕಿ, ಬಾತಿನ ಕೊಬ್ಬಿನಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಮೂರನೆಯದು ಕ್ಲೋಸೆ. ಅರ್ಧ ಪಾಲು ಆಲೂಗಡ್ಡೆಯನ್ನು ಹಸಿಯಾಗಿ ತುರಿದು, ಬಟ್ಟೆಯಲ್ಲಿ ಕಟ್ಟಿ ಹಿಂಡಿ, ಬೆಂದ ಆಲೂಗಡ್ಡೆಯ ಜೊತೆ ಕಲಸಿ, ಮುಷ್ಟಿಗಾತ್ರದ ಉಂಡೆ ಕಟ್ಟಿ ಬಿಸಿನೀರಿಗೆ ಬಿಡುವುದು. ಬೆಂದಾಗ ತಾನೇ ಮೇಲೆ ಬಂದು ತೇಲುತ್ತದೆ.

ಉಂಡೆ ತೇಲಿದ್ದು ನೋಡಿ ನನ್ನ ಕಣ್ಣಲ್ಲೂ ನೀರು ತೇಲಿತು. ಮುದ್ದೆ! ಬಣ್ಣವೊಂದು ಬಿಟ್ಟರೆ ಸಾಕ್ಷಾತ್ ಮುದ್ದೆ. ಪಕ್ಕದಲ್ಲಿ ನಾಟಿಕೋಳಿಯ ಬದಲು ಬಾತುಕೋಳಿಯ ಸಾರು. ಊರು ಬಿಟ್ಟು ಬಂದು ಅಷ್ಟು ದಿನವಾದ ಮೇಲೆ, ಕಾಲುವೆಯ ದಡದ ಜರ್ಮನ್ ಅಡುಗೆಮನೆಯಲ್ಲಿ ಮದ್ದೂರು ಸಿಕ್ಕಿದರೆ ಯಾರಿಗೆ ತಾನೇ ತಲೆ ತಿರುಗುವುದಿಲ್ಲ?

ಕೂತೊಡನೆ ತಿನ್ನುವಂತಿಲ್ಲ. ಎಲ್ಲರಿಗೂ ಬಡಿಸಿ ಆಗಿ, ಅಜ್ಜಿ ‘ಚೆನ್ನಾಗಿ ಉಣ್ಣಿ’ ಎಂಬ ಅರ್ಥದ ಜರ್ಮನ್ ಮಾತು ಹೇಳುವ ತನಕ ಫೋರ್ಕು ಎತ್ತಬಾರದು. ಗ್ಲಾಸು ತಾಗಿಸುವಾಗ ಒಬ್ಬರ ಕಣ್ಣನ್ನು ಒಬ್ಬರು ನೇರವಾಗಿ ನೋಡಲೇಬೇಕು, ತಪ್ಪಿದರೆ ಅಮಂಗಳ. ಸೇಬಿನ ರಸದ ಗ್ಲಾಸು ಹಿಡಿದ ಶ್ರೀನಿಧಿ ಅಜ್ಜಿಯ ಕಣ್ಣಲ್ಲಿ ಕಣ್ಣಿಟ್ಟು ಬೆವರಿದ. ಮೈಸೂರಿನಲ್ಲಿ ಹೆಣ್ಣು ನೋಡಲು ಹೋಗಿದ್ದಾಗಲೂ ಅವನು ಉಪ್ಪಿಟ್ಟನ್ನು ಬಿಟ್ಟು ಬೇರೇನನ್ನೂ ಅಷ್ಟು ನೇರವಾಗಿ ನೋಡಿರಲಿಲ್ಲ.

ಕೊನೆಯ ಶಾಸ್ತ್ರ, ಉಂಡೆಗೆ ಚಾಕು ತಾಗಿಸಬಾರದು. “ಫೋರ್ಕಲ್ಲಿ ಹರೀಬೇಕು. ಚಾಕು ಹಾಕಿದ್ರೆ ಉಂಡೆ ಕಲ್ಲಾಗಿದೆ ಅಂತ ನನ್ನ ಮುಖಕ್ಕೆ ಹೇಳಿದ ಹಾಗೆ” ಎಂದರು ಅಜ್ಜಿ.

“ಚಾಕು ಹಾಗಿರ್ಲಿ ಅಜ್ಜಿ, ನಮ್ಮ ಕಡೆ ಇದಕ್ಕೆ ಹಲ್ಲೂ ತಾಗಿಸಲ್ಲ” ಎಂದೆ ನಾನು. “ನೋಡಿ, ತೋರಿಸ್ತೀನಿ.”

“ಲೋ ಬ್ಯಾಡ ಕಣೋ” ಎಂದ ಶ್ರೀನಿಧಿ.

ಬೇಡ ಎಂದರೆ ನಿಲ್ಲುವ ಜಾತಿ ನನ್ನದಲ್ಲ. ಬೆರಳಿನಲ್ಲಿ ಒಂದು ದೊಡ್ಡ ತುತ್ತು ಮುರಿದು, ಉರುಟು ಮಾಡಿ, ಸಾರಿನಲ್ಲಿ ಹೊರಳಿಸಿ, ತಲೆ ಹಿಂದಕ್ಕೆ ಮಾಡಿ ಗುಳುಂ ಎಂದು ಇಳಿಸಿದೆ. ಇಳಿಯಲಿಲ್ಲ. ಆ ಉಂಡೆಯ ಹೊಟ್ಟೆಯಲ್ಲಿ ಬೆಣ್ಣೆಯಲ್ಲಿ ಹುರಿದ ಬ್ರೆಡ್ಡಿನ ಚೂರುಗಳನ್ನು ಅಡಗಿಸಿರುತ್ತಾರೆ ಎಂದು ನನಗೇನು ಗೊತ್ತು? ನಮ್ಮಲ್ಲಿ ಮುದ್ದೆಯೊಳಗೆ ಗಂಟು ಉಳಿದರೆ ತಿರುವಿದವರಿಗೆ ಬೈಗುಳ. ಈ ಜನ ಗಂಟನ್ನು ಬೆಣ್ಣೆಯಲ್ಲಿ ಹುರಿದು, ಭಕ್ತಿಯಿಂದ ಒಳಗೆ ಪ್ರತಿಷ್ಠಾಪನೆ ಮಾಡುತ್ತಾರೆ. ಗರಿಗರಿ ಮೂಲೆಯೊಂದು ಗಂಟಲಿಗೆ ಚುಚ್ಚಿಕೊಂಡಿತು. ಕೆಮ್ಮು ಬಂತು.

ಆ ಕಾಲದಲ್ಲಿ ಕೆಮ್ಮು ಎಂದರೆ ಏನು ಎಂದು ನಿಮಗೆ ಹೇಳಬೇಕಾಗಿಲ್ಲ. ಇಬ್ಬರು ಒಂದೇ ತಟ್ಟೆಯಲ್ಲಿ ಉಣ್ಣುವ ಸ್ನೇಹವೂ ಒಂದು ಕೆಮ್ಮಿಗೆ ಮುರಿದು ಬೀಳುತ್ತಿತ್ತು. ಶ್ರೀನಿಧಿ ನನ್ನ ಬೆನ್ನು ತಟ್ಟಲು ಎದ್ದವನು ಅರ್ಧ ದಾರಿಯಲ್ಲಿ ಜ್ಞಾನೋದಯವಾಗಿ, ಜೇಬಿನಿಂದ ಮಾಸ್ಕು ತೆಗೆದು, ಕಿಟಕಿಗಳನ್ನೆಲ್ಲ ತೆರೆದು, ದೂರದಿಂದಲೇ “ನೀರು ಕುಡಿ, ನೀರು ಕುಡಿ” ಎಂದು ಹಾರೈಸಿದ. ಚೂರು ಇಳಿಯಿತು. ಅನುಮಾನ ಇಳಿಯಲಿಲ್ಲ. ನನ್ನನ್ನು ಮಹಡಿಗೆ ಗಡೀಪಾರು ಮಾಡಿದರು. ಅಜ್ಜಿ ಮೆಟ್ಟಿಲ ಮೇಲೆ ತಟ್ಟೆ ಇಟ್ಟು ಹೋದರು. ಬಾತನ್ನು ತಿಂದೆ, ಉಂಡೆಯನ್ನು ಅಗಿದು ತಿಂದೆ. ಆ ನೇರಳೆ ಕೋಸು ಮಾತ್ರ ಶಾಯಿ ಚೆಲ್ಲಿದ ಹಾಗೆ ಕಾಣುತ್ತಿತ್ತು. ಗಂಟಲು ಬೇರೆ ಉರಿಯುತ್ತಿತ್ತು. ಕಾಗದದಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಿದೆ, ಅದೂ ಸರಿಯಾದ ಬಣ್ಣದ ಡಬ್ಬಿಗೆ. ಬಾತಿನ ಕೊಬ್ಬು ಹಾಕಿದ್ದರಿಂದ ಶ್ರೀನಿಧಿಯೂ ಅದನ್ನು ಮುಟ್ಟಿರಲಿಲ್ಲ. ಹೀಗೆ ಆ ಹಬ್ಬದ ಕೋಸನ್ನು ತಿಂದವರು ಮನೆಯಲ್ಲಿ ಅಜ್ಜಿ ಒಬ್ಬರೇ. “ಎಲ್ಲಾ ಹೇಗಿತ್ತು?” ಎಂದು ಕೆಳಗಿನಿಂದ ಕೂಗಿದಾಗ, “ಗ್ರ್ಯಾಂಡ್ ಅಜ್ಜಿ, ಎಲ್ಲಾ ಗ್ರ್ಯಾಂಡ್” ಎಂದು ಮೇಲಿನಿಂದ ಕೂಗಿದೆ.

ಈ ‘ಗ್ರ್ಯಾಂಡ್’ ಬಗ್ಗೆ ನಾಲ್ಕು ಮಾತು ಹೇಳದೆ ಮುಂದೆ ಹೋಗಲಾರೆ. ಐರ್ಲೆಂಡಿನಲ್ಲಿ ಎಲ್ಲವೂ ಗ್ರ್ಯಾಂಡ್. ಮಳೆ ನಿಂತರೆ ಗ್ರ್ಯಾಂಡ್, ನಿಲ್ಲದಿದ್ದರೂ ಗ್ರ್ಯಾಂಡ್. ಬೇಯದ ಆಲೂಗಡ್ಡೆ ಕೊಟ್ಟು ಹೇಗಿದೆ ಎಂದು ಕೇಳಿ, ಗ್ರ್ಯಾಂಡ್ ಅನ್ನುತ್ತಾರೆ. ಜರ್ಮನ್ನರ ದಾರಿ ಬೇರೆ. ಅಜ್ಜಿಗೆ ಒಮ್ಮೆ ನನ್ನ ಉಪ್ಪಿಟ್ಟು ಕೊಟ್ಟು ಕೇಳಿದ್ದೆ. “ಗೋಡೆಗೆ ಮೆತ್ತಬಹುದು” ಅಂದರು, ಅಂದು ಪೂರ್ತಿ ತಿಂದರು. ನಮ್ಮವರದು ಮೂರನೆಯ ದಾರಿ. ನಾವು ಏನನ್ನೂ ಹೇಳುವುದಿಲ್ಲ, ಸುಮ್ಮನೆ ಲೋಟದ ಕಡೆ ಕೈ ಚಾಚುತ್ತೇವೆ. ಬಡಿಸುವವರು ಅರ್ಥ ಮಾಡಿಕೊಂಡು ರಾತ್ರಿಯೆಲ್ಲ ಅಳಬೇಕು. ಮೂರೂ ಕಡೆಯ ಅನ್ನದ ಋಣವಿದ್ದ ನಾನು ಆರಿಸಿಕೊಂಡದ್ದು ಅತಿ ಸುಲಭದ್ದನ್ನು.

ಹೊಸ ವರ್ಷ ಬಂದು ಸ್ವಲ್ಪ ದಿನಕ್ಕೆ ಅಜ್ಜಿ ಮಲಗಿದರು. ಎಲ್ಲಿಂದ ತಗುಲಿತೋ ಯಾರಿಗೂ ಗೊತ್ತಿಲ್ಲ. ನನ್ನ ಮೂಗಿಗೆ ಕಡ್ಡಿ ಹಾಕಿ ನೋಡಿ ಏನೂ ಇಲ್ಲ ಎಂದಿದ್ದರೂ ಶ್ರೀನಿಧಿ ಇವತ್ತಿಗೂ ನನ್ನ ಗಂಟಲನ್ನು ಪೊಲೀಸಿನವನ ಹಾಗೆ ನೋಡುತ್ತಾನೆ. ಆ ದಿನಗಳಲ್ಲಿ ನಾನು ಯಾರನ್ನೂ ಅಣಕಿಸಲಿಲ್ಲ. ಬಾಗಿಲ ಬಳಿ ಗಂಜಿ ಇಟ್ಟು, ಮೂರು ಸಲ ತಟ್ಟಿ, ಒಳಗಿನಿಂದ “ಬದುಕಿದ್ದೀನಿ, ಹೋಗಿ” ಎಂಬ ಮಾತು ಬರುವ ತನಕ ಇಬ್ಬರೂ ಮೆಟ್ಟಿಲ ಮೇಲೆ ಕೂತಿರುತ್ತಿದ್ದೆವು.

ಅಜ್ಜಿ ಎದ್ದು ಓಡಾಡುವಂತಾದರು. ಆದರೆ ಒಂದು ಬೆಳಿಗ್ಗೆ ಹಾಲು ಹೊತ್ತಿ ಮನೆಯೆಲ್ಲ ಹೊಗೆಯಾದಾಗ, ಅವರು ಒಲೆಯ ಪಕ್ಕದಲ್ಲೇ ಕೂತು ಪತ್ರಿಕೆ ಓದುತ್ತಿದ್ದರು. ವಾಸನೆ ಹೋಗಿತ್ತು. ರುಚಿಯೂ ಹೋಗಿತ್ತು. ಬರಬಹುದು, ಯಾವಾಗ ಎಂದು ಹೇಳಲಾಗದು ಎಂದು ಡಾಕ್ಟರು ಫೋನಿನಲ್ಲಿ ಹೇಳಿದರಂತೆ. ಅಜ್ಜಿ ಅತ್ತವರಲ್ಲ. ಏಕಾದಶಿಯ ಬ್ರೆಡ್ಡನ್ನು ಮುಂಚಿನಂತೆಯೇ ತಿನ್ನುತ್ತಿದ್ದರು, ಅರ್ಜಿಗೆ ಸಹಿ ಹಾಕುವವರ ಹಾಗೆ.

ನಮ್ಮ ಮಹಡಿಗೆ ಮಾತ್ರ ಇಂಗಿನ ಸ್ವಾತಂತ್ರ್ಯ ಬಂದಿತು. ಅದಕ್ಕೂ ಮುಂಚೆ ಮನೆಯಲ್ಲಿ ಇಂಗಿಗೆ ಬಹಿಷ್ಕಾರ. ಇಂಗಿಗೆ ಜರ್ಮನ್ ಭಾಷೆಯಲ್ಲಿ ‘ಸೈತಾನನ ಹೊಲಸು’ ಎಂಬರ್ಥದ ಹೆಸರಿದೆ ಎಂದು ಅಜ್ಜಿಯೇ ಹೇಳಿದ್ದರು. ಒಗ್ಗರಣೆ ಹಾಕಿದರೆ ಕೆಳಗಿನಿಂದ ಕೋಲಿನಲ್ಲಿ ಸೂರು ಕುಟ್ಟುತ್ತಿದ್ದರು. ಈಗ ಶ್ರೀನಿಧಿ ನಿರ್ಭಯವಾಗಿ ಸಾರಿಗೆ ಇಂಗು ಹಾಕಬಹುದಿತ್ತು. ಒಂದೆರಡು ದಿನ ಹಾಕಿದ. ಆಮೇಲೆ ಒಗ್ಗರಣೆ ಸೌಟು ಹಿಡಿದು ಸೂರು ಕುಟ್ಟುವ ಸದ್ದಿಗೆ ಕಾಯುತ್ತಾ ನಿಂತುಬಿಡುತ್ತಿದ್ದ.

ಒಂದು ಮಧ್ಯಾಹ್ನ ಅಜ್ಜಿ ನಮ್ಮಿಬ್ಬರನ್ನೂ ಅಡುಗೆಮನೆಗೆ ಕರೆದರು. ಅಕ್ಕ ಉರ್ಸುಲಾ ಬೇಸಿಗೆಯಲ್ಲಿ ದಾರಿ ತೆರೆದ ತಕ್ಷಣ ಬರುತ್ತಾಳೆ, ಬಂದಾಗ ತಪ್ಪಿಹೋದ ಕ್ರಿಸ್ಮಸ್ ಊಟ ಹಾಕಬೇಕು ಅಂದರು. “ಬಾತು ಸರಿ, ಗಡಿಯಾರ ನೋಡಿ ಮಾಡಬಹುದು. ಉಂಡೆ ಸರಿ, ಕೈಗೇ ಗೊತ್ತಾಗುತ್ತೆ. ಕೋಸು ಹೇಗೆ ಮಾಡಲಿ? ಅಮ್ಮ ಏನನ್ನೂ ಅಳೆದವಳಲ್ಲ. ಚಮಚ ಅದ್ದಿ, ಚಪ್ಪರಿಸಿ, ‘ಈಗ’ ಅನ್ನೋಳು. ನಾನೂ ಹಾಗೇ. ಈಗ ಚಪ್ಪರಿಸಿದರೆ ಬಿಸಿ ಗೊತ್ತಾಗುತ್ತೆ, ಬೆಂದಿದೆ ಅಂತ ಗೊತ್ತಾಗುತ್ತೆ. ವಿನೆಗರ್ರೂ ಒಂದೇ, ನೀರೂ ಒಂದೇ.” ಸ್ವಲ್ಪ ಹೊತ್ತು ಮೇಜು ಒರೆಸಿದರು, ಒರೆಸಿದ್ದನ್ನೇ. “ಅಮ್ಮನ ರುಚಿ ಗೊತ್ತಿರೋರು ಇನ್ನು ಇಬ್ಬರೇ. ಉರ್ಸುಲಾ ಒಲೆ ಹತ್ತಿರ ಹೋದವಳಲ್ಲ. ಮಾಡೋಳು ನಾನು. ಅವಳು ಸರಿ ಇದೆ ಅಂದ್ರೆ ಸರಿ. ಇಲ್ಲ ಅಂದ್ರೆ ಆ ಪಾತ್ರೆ ತೊಳೆದು ಮೇಲಿಟ್ಟುಬಿಡ್ತೀನಿ, ಅಲ್ಲಿಗೆ ಮುಗೀತು.”

ಅಜ್ಜಿ ನನ್ನ ಕಡೆ ತಿರುಗಿದರು. “ನೀನು ಒಂದು ಸಲ ಕೇಳಿದ ದನಿಯನ್ನ ಹಾಗೇ ತೆಗೀತೀಯ. ಒಂದು ಸಲ ತಿಂದ ರುಚಿ ನೆನಪಿರಲ್ವಾ?”

ಆ ಕ್ಷಣ ‘ಇಲ್ಲ ಅಜ್ಜಿ, ನಿಮ್ಮ ಕೋಸು ತಿಂದದ್ದು ಕಸದ ಡಬ್ಬಿ’ ಎಂದು ಹೇಳಬೇಕಿತ್ತು. ನೀವೇ ಹೇಳಿ, ಹೇಳಲಾಗುತ್ತದೆಯೆ? ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂದರು ಹಿರಿಯರು. ಎರಡನ್ನೂ ಬಲ್ಲವನಂತೆ ನಟಿಸುವವನಿಗೆ ಏನಾಗುತ್ತದೆ ಎಂದು ಅವರು ಹೇಳದೆ ಹೋದದ್ದು ನನ್ನಂಥವರಿಗೆ ಮಾಡಿದ ಅನ್ಯಾಯ. “ಚೆನ್ನಾಗಿ ನೆನಪಿದೆ ಅಜ್ಜಿ” ಎಂದೆ.

ಹೀಗೆ ಭಾನುವಾರದ ತಾಲೀಮು ಶುರುವಾಯಿತು. ಶ್ರೀನಿಧಿಗೂ ಸಿಗಲಿ ಎಂದು ತಾಲೀಮಿನ ಕೋಸಿಗೆ ಕೊಬ್ಬಿನ ಬದಲು ಬೆಣ್ಣೆ. ಅಜ್ಜಿ ಚಮಚ ನೀಡುವರು, ನಾನು ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ, ಸಂಗೀತ ವಿದ್ವಾಂಸರು ಶ್ರುತಿ ಹಿಡಿಯುವ ಹಾಗೆ ಚಪ್ಪರಿಸುವೆನು. ನೆನಪಿನಲ್ಲಿ ಏನಿದ್ದರೆ ತಾನೇ ಹೋಲಿಸುವುದು? ನಾಲಿಗೆ ತನಗೆ ತೋಚಿದ್ದನ್ನು ಕೇಳಿತು. “ಹುಳಿ ಒಂಚೂರು ಸಾಲದು ಅಜ್ಜಿ.” ವಿನೆಗರ್ ಬಿತ್ತು. “ಹುಳಿಗೆ ತಕ್ಕ ಸಿಹಿ?” ಕಂದು ಸಕ್ಕರೆ ಬಿತ್ತು. “ಉಪ್ಪು ಇನ್ನೊಂಚೂರು.” “ಅವತ್ತು ನಾಲಿಗೆ ತುದೀಲಿ ಏನೋ ಚುರುಕ್ ಅಂದಿತ್ತಲ್ಲ?” ಲವಂಗ ಬಿತ್ತು, ಕಾಳುಮೆಣಸು ಬಿತ್ತು.

“ಇಷ್ಟೊಂದಾ?” ಎಂದು ಅಜ್ಜಿ ಕುಟ್ಟಾಣಿ ಹಿಡಿದು ಕೇಳುವರು.

“ಇಷ್ಟೇ ಅಜ್ಜಿ. ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ.”

ವಾರದಿಂದ ವಾರಕ್ಕೆ ಕೋಸು ಕೆಂಪಾಗುತ್ತಾ ಬಂದಿತು. ಅಜ್ಜಿಯ ಕೆನ್ನೆಯೂ ಸ್ವಲ್ಪ ಕೆಂಪಾಗುತ್ತಾ ಬಂದಿತು. ಬೇಯುವ ತನಕ ಅಮ್ಮನ ಕಥೆ ಹೇಳುವರು. ಕೋಸು ಕದಡುವ ಕೈಯಿಂದಲೇ ಮಕ್ಕಳ ತಲೆಗೆ ಮೊಟಕುತ್ತಿದ್ದ ಅಮ್ಮ. ಒಂದು ಭಾನುವಾರ ನಾನು “ಈಗ!” ಎಂದು ಅವರ ಅಮ್ಮನ ಹಾಗೆ ಕೂಗಿದೆ, ಕೇಳದ ದನಿಯನ್ನೂ ಅಣಕಿಸಿ. ಅಜ್ಜಿ ನಕ್ಕು, ಒಲೆ ಆರಿಸಿ, ತಟ್ಟೆಗೆ ಹಾಕಿಕೊಟ್ಟರು.

ಶ್ರೀನಿಧಿ ಮೇಲೆ ಒಯ್ದು, ಅನ್ನಕ್ಕೆ ಕಲಸಿಕೊಂಡು ಒಂದು ತುತ್ತು ಬಾಯಿಗಿಟ್ಟ. ಇನ್ನೊಂದು ಇಟ್ಟ. ಮೂರನೆಯ ತುತ್ತಿಗೆ ನನ್ನನ್ನು ನೋಡಿದ.

“ಲೋ ಮಂಜ. ಇದು ಗೊಜ್ಜು ಕಣೋ.”

“ಯಾವ ಗೊಜ್ಜು?”

“ಅನಾನಸ್ ಗೊಜ್ಜು. ಅನಾನಸ್ ಬದಲು ಸೇಬು ಐತೆ ಅಷ್ಟೇ. ಒಂದು ಒಗ್ಗರಣೆ ಕೊಟ್ರೆ ನಮ್ಮಮ್ಮ ಮದುವೆ ಮನೇಲಿ ಬಡಿಸ್ತಾರೆ. ನೀನು ಆ ಅಜ್ಜಿ ಕೈಲಿ ಗೊಜ್ಜು ಮಾಡಿಸ್ತಿದ್ದೀಯ!”

ನಾನೂ ತಿಂದು ನೋಡಿದೆ. ಗೊಜ್ಜೇ. ಹುಳಿ, ಸಿಹಿ, ಉಪ್ಪು, ಖಾರ ನಾಲ್ಕೂ ಚೌಕಾಬಾರ ಆಡುವ ನಾಲ್ವರಂತೆ ಮೂಲೆಗೊಬ್ಬರು ಕೂತಿದ್ದರು. ನಾಲಿಗೆಗೆ ಬುದ್ಧಿ ಇಲ್ಲ ಎನ್ನುತ್ತಾರೆ. ಅದಕ್ಕಿರುವುದು ಊರಿನ ವಿಳಾಸವೊಂದೇ. ಎಲ್ಲಿ ಬಿಟ್ಟರೂ ಹುಡುಕಿಕೊಂಡು ಅಲ್ಲಿಗೇ ಹೋಗುತ್ತದೆ.

“ಹೋಗಿ ಹೇಳು” ಎಂದ ಶ್ರೀನಿಧಿ. “ಅವರಕ್ಕ ಒಂದು ತುತ್ತು ಬಾಯಿಗಿಟ್ಟ ತಕ್ಷಣ ಗೊತ್ತಾಗುತ್ತೆ. ಆಮೇಲೆ ಆ ಪಾತ್ರೆ ಮೇಲೆ ಹೋಗುತ್ತೆ. ನೋಡ್ತಿರು.”

ಹೇಳಲು ಹೋದೆ. ಅಜ್ಜಿ ಫೋನಿನಲ್ಲಿ ಅಕ್ಕನೊಂದಿಗೆ ಜರ್ಮನ್ನಿನಲ್ಲಿ ಏನೋ ಹೇಳಿ ನಗುತ್ತಿದ್ದರು. ನನ್ನನ್ನು ಕಂಡು ಫೋನಿಗೆ ಕೈ ಅಡ್ಡ ಹಿಡಿದು, “ನನಗೊಬ್ಬ ನಾಲಿಗೆ ಸಿಕ್ಕಿದ್ದಾನೆ ಅಂತ ಹೇಳ್ತಿದ್ದೆ” ಎಂದರು. ನಾನು ಒಂದು ಲೋಟ ನೀರು ಕುಡಿದು ಮೇಲೆ ಬಂದೆ.

ಬೇಸಿಗೆಯಲ್ಲಿ ಉರ್ಸುಲಾ ಬಂದೇಬಿಟ್ಟರು. ಉದ್ದನೆಯ, ನೆಟ್ಟನೆಯ ಮುದುಕಿ. ಅಣಕಿಸಲು ನೋಡಿದೆ, ಹಿಡಿತ ಸಿಗಲಿಲ್ಲ. ಮುಖದ ಒಂದು ಗೆರೆಯೂ ಅಲುಗದವರನ್ನು ಹೇಗೆ ಅಣಕಿಸುವುದು? ಇಂಗ್ಲಿಷ್ ಅಷ್ಟಾಗಿ ಬಾರದು, ಆದರೆ ಅಭಿಪ್ರಾಯಗಳಿಗೆ ಕೊರತೆಯಿಲ್ಲ. ಕಿಟಕಿಯ ಗಾಜು ಕೊಳೆ ಅಂದರು. ನನ್ನ ಕೂದಲು ಜಾಸ್ತಿ ಅಂದರು. ಶ್ರೀನಿಧಿ ಜಾಸ್ತಿ ನಗುತ್ತಾನೆ ಅಂದರು. ಅಜ್ಜಿ ಪ್ರತಿಯೊಂದನ್ನೂ ತರ್ಜುಮೆ ಮಾಡಿ ಹೇಳಿದರು. ಸುಳ್ಳು ಹೇಳಿ ಸಮಾಧಾನ ಮಾಡುವ ಹೆಂಗಸಲ್ಲ ಎಂಬುದು ನನಗೆ ಖಾತ್ರಿಯಾಯಿತು.

ಬೇಸಿಗೆಯ ಬಿಸಿಲಿನಲ್ಲಿ ಕ್ರಿಸ್ಮಸ್ ಊಟ. ಬಾತು ಬಂತು, ಕ್ಲೋಸೆ ಬಂತು. ಬಾತಿನ ಕೊಬ್ಬಿನಲ್ಲೇ ಬೆಂದ ಕೋಸು ಕೊನೆಗೆ ಬಂತು, ಕುಂಕುಮದ ಬಣ್ಣದಲ್ಲಿ. ಎಲ್ಲರೂ ಕಣ್ಣಲ್ಲಿ ಕಣ್ಣಿಟ್ಟು ಗ್ಲಾಸು ತಾಗಿಸಿದೆವು. ಶ್ರೀನಿಧಿಯ ಕಣ್ಣು ನನಗೆ ‘ಅನುಭವಿಸು’ ಎಂದಿತು. ಅಜ್ಜಿ ತಾವು ಏನನ್ನೂ ಮುಟ್ಟದೆ, ಕೈ ಮಡಿಲಲ್ಲಿಟ್ಟು ಅಕ್ಕನನ್ನೇ ನೋಡುತ್ತಾ ಕೂತರು. ಫಲಿತಾಂಶದ ಹಲಗೆಯ ಮುಂದೆ ನಿಂತ ಹುಡುಗಿಯ ಹಾಗಿತ್ತು ಆ ಮುಖ. ಅದನ್ನು ನೋಡಿ ನನಗೆ ಜೀವಮಾನದಲ್ಲಿ ಮೊದಲ ಸಲ ಅಣಕಿಸಬೇಕು ಎನ್ನಿಸಲಿಲ್ಲ.

ಉರ್ಸುಲಾ ಕೋಸನ್ನು ಬಾಯಿಗಿಟ್ಟರು. ಅಗಿದರು. ನಿಲ್ಲಿಸಿದರು. ತಂಗಿಯನ್ನು ನೋಡಿದರು, ಬಹಳ ಹೊತ್ತು. ಆಮೇಲೆ ಎರಡೇ ಎರಡು ಮಾತು ಹೇಳಿದರು. ಅಲುಗದ ಆ ಮುಖದಲ್ಲಿ ಕಣ್ಣು ಒದ್ದೆಯಾಯಿತು.

“ಏನಂದ್ರು ಅಜ್ಜಿ?” ಎಂದು ಶ್ರೀನಿಧಿ ಕೇಳಿದ.

“ಅಮ್ಮನದೇ ಅಂದಳು” ಎಂದರು ಅಜ್ಜಿ.

ಉರ್ಸುಲಾ ಕೋಸಿನ ಬಟ್ಟಲನ್ನು ತಮ್ಮ ಕಡೆಗೆ ಎಳೆದುಕೊಂಡರು. ಮತ್ತೆ ಬಡಿಸಿಕೊಂಡರು. ಅದು ಮುಗಿದ ಮೇಲೆ ಮತ್ತೆ. ಅಜ್ಜಿ ಅಕ್ಕನ ತಟ್ಟೆಯನ್ನೇ ನೋಡುತ್ತಿದ್ದರು, ಏನೂ ಮಾತಾಡದೆ. ಸಂತೋಷ ಹೆಚ್ಚಾದಾಗ ಮಾತು ಹೊರಡುವುದಿಲ್ಲ ಎಂದುಕೊಂಡೆ. ಮೇಜಿನ ಕೆಳಗೆ ಶ್ರೀನಿಧಿಯ ಕಾಲು ತುಳಿದೆ.

ಅವತ್ತಿನಿಂದ ನನ್ನನ್ನು ಹಿಡಿಯುವವರಿರಲಿಲ್ಲ. ನಡೆ, ನುಡಿ, ಕೆಮ್ಮು ಅಣಕಿಸುವವರು ಸಾವಿರ ಇದ್ದಾರೆ. ಕಾಣದ ತಾಯಿಯ ಕೈರುಚಿಯನ್ನು ಅಣಕಿಸಿದವನು ನಾನೊಬ್ಬನೇ ಎಂದು ಮದ್ದೂರಿಗೆ ಫೋನು ಮಾಡಿ ಹೇಳಿದೆ. “ನನ್ನ ಕೈರುಚಿ ನೆನಪೈತಾ, ಅದನ್ನ ಹೇಳು ಮೊದ್ಲು” ಎಂದರು ನಮ್ಮಮ್ಮ. ಉರ್ಸುಲಾ ಊರಿಗೆ ಹೋದರು. ಅಜ್ಜಿ ಆ ಪಾತ್ರೆಯನ್ನು ತೊಳೆದು, ಒರೆಸಿ, ಮೇಲಿನ ಕಪಾಟಿನಲ್ಲಿಟ್ಟರು. ಮತ್ತೆ ಕೋಸಿನ ಸುದ್ದಿ ಎತ್ತಲಿಲ್ಲ. ಪರೀಕ್ಷೆ ಪಾಸಾದ ಮೇಲೆ ಯಾರು ತಾನೇ ಪುಸ್ತಕ ತೆಗೆಯುತ್ತಾರೆ ಎಂದು ನಾನು ಅರ್ಥ ಮಾಡಿಕೊಂಡೆ.

ಎಲೆ ಉದುರುವ ಕಾಲ. ಒಂದು ಸಂಜೆ ಶ್ರೀನಿಧಿ ಸಾರಿಗೆ ಒಗ್ಗರಣೆ ಇಟ್ಟಿದ್ದ. ಕೆಳಗಿನಿಂದ ಸೂರಿಗೆ ಕೋಲಿನ ಪೆಟ್ಟು ಬಿತ್ತು, ಢಬ್. ಹಿಂದೆಯೇ ಅಜ್ಜಿಯ ಕೂಗು: “ಅಯ್ಯೋ, ಆ ಸೈತಾನನ ಹೊಲಸು!”

ಒಂದು ಗಳಿಗೆ ಇಬ್ಬರೂ ಕಲ್ಲಾದೆವು. ಆಮೇಲೆ ಶ್ರೀನಿಧಿ, ಬಾಗಿಲಿಗೆ ಸಾರಿ ಹೇಳುವ ಶ್ರೀನಿಧಿ, ಬಾಗಿಲನ್ನು ಒದ್ದು ತೆರೆದು, ಇಂಗಿನ ಡಬ್ಬಿ ಕೈಯಲ್ಲೇ ಹಿಡಿದು ಮೆಟ್ಟಿಲಿಳಿದು ಓಡಿದ. ಕೆಳಗೆ ಅಜ್ಜಿ ಮೂಗು ಮುಚ್ಚಿಕೊಂಡು ನಿಂತಿದ್ದರು. ಅವನು ಡಬ್ಬಿ ಮುಂದೆ ಹಿಡಿದ. ಅವರು ಬಗ್ಗಿ ಮೂಸಿದರು, ಮುಖ ಸಿಂಡರಿಸಿದರು, ಮತ್ತೆ ಮೂಸಿದರು. ಇಂಗನ್ನು ಮೂಸಿ ಯಾರಾದರೂ ಆನಂದಬಾಷ್ಪ ಸುರಿಸಿದ್ದು ನಾನು ಕಂಡದ್ದು ಅದೊಂದೇ ಸಲ.

ನಂತರದ ಭಾನುವಾರ ಪಾತ್ರೆ ಕಪಾಟಿನಿಂದ ಇಳಿಯಿತು. ಅಭ್ಯಾಸಬಲದಿಂದ ನಾನು ಒಲೆಯ ಪಕ್ಕ ಹೋಗಿ ನಿಂತೆ. “ನೀನು ಅಲ್ಲಿ ಕೂತ್ಕೊ” ಎಂದು ಕುರ್ಚಿ ತೋರಿಸಿದರು. ಚಮಚ ಅದ್ದಿದರು, ತಾವೇ ಚಪ್ಪರಿಸಿದರು. ಒಂಚೂರು ಏನೋ ಹಾಕಿದರು, ಮತ್ತೆ ಚಪ್ಪರಿಸಿದರು. ಕಣ್ಣು ಮುಚ್ಚಿ ಸುಮ್ಮನೆ ನಿಂತರು. ಆಮೇಲೆ ಮೆಲ್ಲಗೆ, ತಮಗೆ ತಾವೇ ಹೇಳಿಕೊಂಡರು: “ಈಗ.”

ಒಂದು ಬಟ್ಟಲು ನನ್ನ ಮುಂದೆ ಬಂತು. ನೇರಳೆ ಬಣ್ಣ, ಆ ಕ್ರಿಸ್ಮಸ್ಸಿನ ಶಾಯಿಯೇ. ಈ ಸಲ ತಿಂದೆ, ಅಗಿದೇ ತಿಂದೆ. ನನ್ನ ಕೋಸು ಬಾಗಿಲು ಒದ್ದು ಒಳಗೆ ನುಗ್ಗುತ್ತಿತ್ತು. ಇದು ಚಪ್ಪಲಿ ಬಿಟ್ಟು, ಒಳಗೆ ಬಂದು, ಕರೆದ ಮೇಲೆ ಕೂತಿತು. ಮೊದಲು ಸೇಬು ಮಾತಾಡಿತು, ಆಮೇಲೆ ಬಾತಿನ ಕೊಬ್ಬು. ಎಲ್ಲೋ ಹಿಂದಿನ ಸಾಲಿನಲ್ಲಿ ಒಂದು ಲವಂಗ ಗಂಟಲು ಸರಿಮಾಡಿಕೊಂಡಿತು. ಗೊಜ್ಜಿಗೂ ಇದಕ್ಕೂ ಯಾವ ನೆಂಟಸ್ತನವೂ ಇರಲಿಲ್ಲ. ಸಪ್ಪೆ ಎನ್ನಲು ಹೊರಟ ನಾಲಿಗೆ ಎರಡನೆಯ ತುತ್ತಿಗೆ ಸುಮ್ಮನಾಯಿತು, ಮೂರನೆಯದಕ್ಕೆ ನಾಚಿತು.

ಇನ್ನು ತಡೆಯಲಾಗಲಿಲ್ಲ. ಬಟ್ಟಲು ಕೆಳಗಿಟ್ಟು ಎಲ್ಲವನ್ನೂ ಹೇಳಿಬಿಟ್ಟೆ. ಕಸದ ಡಬ್ಬಿ, ಸುಳ್ಳು ನೆನಪು, ವಿನೆಗರ್, ಮೆಣಸು, ಶ್ರೀನಿಧಿಯ ಅಮ್ಮನ ಅನಾನಸ್ ಗೊಜ್ಜು. ಅಜ್ಜಿ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಕೇಳಿದರು. ಎಲ್ಲ ಮುಗಿಸಿದ ಮೇಲೂ ನನ್ನೊಳಗಿನ ವಕೀಲ ಸಾಯಲಿಲ್ಲ.

“ಆದ್ರೂ ಅಜ್ಜಿ, ಉರ್ಸುಲಾ ಅವ್ರು ಅಮ್ಮನದೇ ಅಂದ್ರಲ್ಲ? ಕಣ್ಣೀರು ಬೇರೆ ಹಾಕಿದ್ರಲ್ಲ? ಅಂದ್ಮೇಲೆ ನಾನು ಹೇಳಿದ್ದು ಎಲ್ಲೋ ಒಂಚೂರು ಸರಿ ಇದ್ದಿರಬೇಕು.”

ಅಜ್ಜಿ ನನ್ನ ಬಟ್ಟಲಿಗೆ ಇನ್ನೊಂದು ಸೌಟು ಕೋಸು ಹಾಕಿದರು.

“ಉರ್ಸುಲಾ ಚಿಕ್ಕಂದಿನಿಂದ ಅಮ್ಮನ ಕೋಸನ್ನ ಕೆನ್ನೆಯೊಳಗೆ ಇಟ್ಟುಕೊಂಡು ಹೋಗಿ ಹಿತ್ತಲಲ್ಲಿ ಉಗೀತಿದ್ದೋಳು. ಅವತ್ತು ಮತ್ತೆ ಮತ್ತೆ ಬಡಿಸಿಕೊಂಡು ತಿಂದಳು. ಸತ್ತಿದ್ದು ನನ್ನ ಮೂಗು ಕಣೋ, ಕಣ್ಣಲ್ಲ.”